ಐನೂರು ರೂಪಾಯಿ ಸುರಕ್ಷತೆ

(2012. ಹಲಸೂರು. ಆಟೊದಲ್ಲಿ ಪೇಪರ್ ಹಿಡಿದ ನಿವೃತ್ತ ಮೇಷ್ಟ್ರು.)

ಚಾಲಕ: ಏನ್ ಮೇಷ್ಟ್ರೇ, ಒಬ್ಬೊಬ್ರೇ ನಗ್ತಿದೀರ?

ಮೇಷ್ಟ್ರು: ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿ ವರದಿ ಕಣಯ್ಯ. ಅಣುಸ್ಥಾವರದ ನಿಯಮ ಮುರಿದ್ರೆ ದಂಡ ಹೆಚ್ಚೆಂದ್ರೆ 500 ರೂಪಾಯಿಯಂತೆ.

ಚಾಲಕ: ಅಷ್ಟೇನಾ! ನಿಗಾ ಇಡೋರ್ಯಾರು?

ಮೇಷ್ಟ್ರು: 1983ರಲ್ಲಿ ಹುಟ್ಟಿದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಅದು ಲೆಕ್ಕ ಒಪ್ಪಿಸೋದು ಪರಮಾಣು ಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಪರಮಾಣು ಶಕ್ತಿ ಇಲಾಖೆ ಕಾರ್ಯದರ್ಶಿ. ಕೈಗಾ ಅಣುಸ್ಥಾವರ ನಡೆಸೋ ನಿಗಮವೂ ಅದೇ ಇಲಾಖೇದು.

ಚಾಲಕ: ಅಂದ್ರೆ, ಟ್ರಾಫಿಕ್ ಪೊಲೀಸಪ್ಪನಿಗೆ ಆಟೊ ಓನರ್ರೇ ಸಾಹೇಬ್ರು!

ಮೇಷ್ಟ್ರು: ಕಟ್ತಿದ್ದ ಕೈಗಾ ಗುಮ್ಮಟದ ಕಾಂಕ್ರೀಟ್ 1994ರಲ್ಲಿ ಕಳಚಿ ಬಿತ್ತು. 2009ರಲ್ಲಿ ಕುಡಿಯೋ ನೀರಿನ ಕೂಲರ್‌ಗೇ ವಿಕಿರಣ ಸೂಸೋ ಟ್ರಿಟಿಯಂ ಸೇರ್ತು.

ಚಾಲಕ: ಅಯ್ಯೋ, ಮುಂದೆ ಪೊಲೀಸ್ನೋರು ಕೈ ಅಡ್ಡ ಹಾಕಿದ್ರು! ನಾನು ಯೂನಿಫಾರ್ಮ್ ಹಾಕಿಲ್ಲ. ಮೇಷ್ಟ್ರೇ, ಈ ಆಟೊನೂ ಅಣುಸ್ಥಾವರಾನೇ ಅಂದ್ಬಿಡ್ಲಾ?