ಪೋಷಕರ ಸಭೆಗೆ ಬನ್ನಿ

ಕರ್ನಾಟಕದ 224 ವಿಧಾನಸಭಾ ಕ್ಷೇತ್ರಗಳ ಮಾನ್ಯ ಪೋಷಕರಲ್ಲಿ ವಿನಂತಿ,

ನೀವು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ವಿಧಾನಸೌಧಕ್ಕೆ ಸೇರಿಸಿದ ಮಕ್ಕಳ ನಡತೆಯ ಬಗ್ಗೆ ನಾಲ್ಕು ಮಾತು ಬರೆಯಬೇಕಾಗಿದೆ. ಕ್ರಮ ಪ್ರಕಾರ ಇದನ್ನು ಬರೆಯಬೇಕಾದವರು ಅಲ್ಲಿನ ಹೆಡ್‌ಮಾಸ್ತರರಾದ ಸಭಾಧ್ಯಕ್ಷರು. ಅವರಿಗೆ ಬೇರೆ ಕೆಲಸ ಬಹಳ. ಹಾಗಾಗಿ ಸರ್ಕಾರಿ ಪ್ರೌಢಶಾಲೆಯಲ್ಲಿ ಹಾಜರಿ ಕೂಗುತ್ತಲೇ ನಿವೃತ್ತನಾದ ನಾನು ಕರೆಯದಿದ್ದರೂ ಬಂದಿದ್ದೇನೆ. ಮೇಷ್ಟ್ರುಗಳ ಚಟ ಸುಲಭಕ್ಕೆ ಬಿಡುವುದಿಲ್ಲ.

ಮೊದಲು 2025ರ ಮಾರ್ಚ್ 21ರ ಪ್ರಕರಣ. ಅಂದು ಬಜೆಟ್ ಅಧಿವೇಶನದ ಕೊನೆಯ ದಿನ. ಹನಿಟ್ರ್ಯಾಪ್ ಆರೋಪದ ತನಿಖೆ ಆಗಬೇಕು, ಸರ್ಕಾರಿ ಗುತ್ತಿಗೆಯಲ್ಲಿ ಮುಸ್ಲಿಮರಿಗೆ ಶೇ 4ರ ಮೀಸಲು ಕೂಡದು ಎಂದು ವಿರೋಧ ಪಕ್ಷದ ಮಕ್ಕಳು ಹಟ ಹಿಡಿದರು. ಹಟ ಹಿಡಿದದ್ದು ತಪ್ಪಲ್ಲ. ಎದ್ದು ನಿಂತು ಪ್ರಶ್ನೆ ಕೇಳುವ ಹುಡುಗರೆಂದರೆ ನನಗೆ ಮೊದಲಿನಿಂದಲೂ ಇಷ್ಟ. ಆದರೆ ಇವರು ಪೀಠದವರೆಗೂ ಹತ್ತಿ, ಮಸೂದೆಯ ಪ್ರತಿ ಹರಿದು, ಚೂರುಗಳನ್ನು ಹೆಡ್‌ಮಾಸ್ತರರ ಮೇಲೆ ತೂರಿದರು. 18 ಮಂದಿಗೆ ಆರು ತಿಂಗಳ ಅಮಾನತು ಆಯಿತು. ಹೊರಗೆ ನಡೆಯಿರಿ ಎಂದರೆ ನಡೆಯಲಿಲ್ಲ. ಮಾರ್ಷಲ್‌ಗಳು ಬಂದು ಎತ್ತಿಕೊಂಡೇ ಹೋಗಬೇಕಾಯಿತು. ನಮ್ಮ ಶಾಲೆಯಲ್ಲಿ ಹೀಗೆ ಹುಡುಗರನ್ನು ಹೊತ್ತು ಹಾಕಿದ್ದರೆ, ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ತೋರಿಸಿ ನನ್ನ ಮೇಲೇ ವಿಚಾರಣೆ ನಡೆಸುತ್ತಿದ್ದರು.

ಇನ್ನು ಶಿಕ್ಷೆಯ ತೂಕ ನೋಡಿ. ಸದನ ಅಂದೇ ಮುಗಿಯಿತು. ಮತ್ತೆ ಸೇರಿದ್ದು ಆಗಸ್ಟ್‌ನಲ್ಲಿ. ಅಮಾನತು ರದ್ದಾದದ್ದು ಮೇ ತಿಂಗಳಲ್ಲಿ. ಅಂದರೆ ಇವರನ್ನು ಬೇಸಿಗೆ ರಜೆಯಲ್ಲಿ ಶಾಲೆಯಿಂದ ಹೊರಗಿಟ್ಟು, ಶಾಲೆ ಬಾಗಿಲು ತೆರೆಯುವ ಮೊದಲೇ ಒಳಗೆ ಕರೆದುಕೊಂಡರು! ಇಂಥ ಶಿಕ್ಷೆಯೊಂದು ಇದೆಯೆಂದು ನನ್ನ ಹುಡುಗರಿಗೆ ತಿಳಿದಿದ್ದರೆ ಪ್ರತಿ ಏಪ್ರಿಲ್‌ನಲ್ಲೂ ಕಿಟಕಿ ಗಾಜು ಒಡೆದು ಸಾಲುಗಟ್ಟಿ ಬರುತ್ತಿದ್ದರು.

ಆಡಳಿತ ಪಕ್ಷದ ಮಕ್ಕಳ ಪೋಷಕರು ಇಷ್ಟಕ್ಕೇ ಮೀಸೆ ತಿರುವಬೇಡಿ. ಕಾಗದ ಹಾರಾಡುತ್ತಿದ್ದ ಅದೇ ದಿನ, ಅದೇ ಗದ್ದಲದಲ್ಲಿ, ಚರ್ಚೆಯೇ ಇಲ್ಲದೆ ಶಾಸಕರ ಸಂಬಳ ತಿಂಗಳಿಗೆ 40,000 ರೂಪಾಯಿಯಿಂದ 80,000ಕ್ಕೆ ಏರಿತು. ಮುಖ್ಯಮಂತ್ರಿಗಳದ್ದು 75,000ದಿಂದ ಒಂದೂವರೆ ಲಕ್ಷಕ್ಕೆ. ಹೊರಗೆ ಬಿದ್ದವರಿಗೂ ಒಳಗೆ ಉಳಿದವರಿಗೂ ಏರಿಕೆ ಒಂದೇ. ಗಲಾಟೆ ಮಾಡಿದ ತರಗತಿಗೆ ಅಂದೇ ಬಹುಮಾನ ವಿತರಣೆ ಮಾಡಿದ ಶಾಲೆ ನಾನಂತೂ ಕಂಡಿಲ್ಲ.

ಹಾಜರಿಯ ವಿಷಯಕ್ಕೆ ಬರೋಣ. ಹೆಡ್‌ಮಾಸ್ತರರು ಪ್ರಯತ್ನ ಮಾಡಿಲ್ಲವೆನ್ನುವ ಹಾಗಿಲ್ಲ. ಹೊತ್ತಿಗೆ ಮುಂಚೆ ಬಂದವರ ಹೆಸರನ್ನು ಸದನದಲ್ಲಿ ಓದಿ ಬೆನ್ನು ತಟ್ಟಿದರು. 2024ರಲ್ಲಿ ಯಾರು ಯಾವಾಗ ಬಂದರು, ಯಾವಾಗ ಎದ್ದರು ಎಂದು ಲೆಕ್ಕವಿಡುವ ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ಹಾಕಿಸಿದರು. 2025ರಲ್ಲಿ, ಊಟವಾದ ಮೇಲೆ ಮನೆಯ ದಾರಿ ಹಿಡಿಯದಿರಲಿ ಎಂದು, ಅಲ್ಲೇ ಒರಗಲು ರಿಕ್ಲೈನರ್ ಕುರ್ಚಿ ತರಿಸುವುದಾಗಿ ಹೇಳಿದರು. ಅಂಗನವಾಡಿಯಲ್ಲಿ ಚಾಪೆ ಹಾಸುತ್ತಾರೆ. ಇಲ್ಲಿ ಕುರ್ಚಿ, ಅಷ್ಟೇ ವ್ಯತ್ಯಾಸ. ಅಂಗನವಾಡಿ ಮಕ್ಕಳು ಎದ್ದ ಮೇಲೆ ಮಸೂದೆ ಪಾಸು ಮಾಡುವುದಿಲ್ಲ ಎಂಬುದೊಂದು ಸಮಾಧಾನ.

ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆಯಲೇಬೇಕೆಂದು ಕಾನೂನಿದೆ. ಶೇ 75ರಷ್ಟು ಹಾಜರಿ ಇಲ್ಲದವನಿಗೆ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಇಲ್ಲ. ಅತ್ತ, ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲಿ ನಮ್ಮ ಶಾಸಕರೇ ಕಾಯ್ದೆ ಮಾಡಿಕೊಂಡರು. ಸಾಮಾನ್ಯವಾಗಿ ಸದನ ಆ ಗೆರೆಯ ಈಚೆಗೇ ನಿಂತುಬಿಡುತ್ತದೆ. ಅನುಮತಿಯಿಲ್ಲದೆ 60 ದಿನ ಗೈರಾದ ಸದಸ್ಯನ ಸ್ಥಾನ ತೆರವಾಯಿತೆಂದು ಘೋಷಿಸಲು ಸಂವಿಧಾನದ 190ನೇ ವಿಧಿಯಲ್ಲಿ ಅವಕಾಶವಿದೆ. ಆದರೆ ಅಧಿವೇಶನ ಮುಕ್ತಾಯಗೊಂಡ ದಿನಗಳು, ಒಂದೇ ಸಮನೆ ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಿದ ದಿನಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಹೆಸರು ಹೊಡೆದುಹಾಕುವಷ್ಟು ಗೈರುಹಾಜರಿ ಸಂಪಾದಿಸುವುದೇ ಒಂದು ತಪಸ್ಸು. ನಮ್ಮ ಹಳ್ಳಿಯ ಕುರಿ ಕಾಯುವ ಹುಡುಗನಿಗೆ ಈ ಸೌಲಭ್ಯ ಸಿಕ್ಕಿದ್ದರೆ ಅವನೂ ಎಸ್ಸೆಸ್ಸೆಲ್ಸಿ ಮುಗಿಸುತ್ತಿದ್ದ.

ಮೊಬೈಲ್ ಪ್ರಕರಣ ನಿಮಗೆಲ್ಲ ನೆನಪಿದೆ. 2012ರ ಫೆಬ್ರವರಿಯಲ್ಲಿ ಸದನದಲ್ಲಿ ಕುಳಿತೇ ಅಶ್ಲೀಲ ವಿಡಿಯೊ ನೋಡಿದ್ದು ಟಿವಿ ಕ್ಯಾಮೆರಾಕ್ಕೆ ಸಿಕ್ಕಿ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರು. ರೇವ್ ಪಾರ್ಟಿಯ ದುಷ್ಪರಿಣಾಮ ತಿಳಿಯಲು ನೋಡಿದ್ದು ಎಂಬ ಸಮಜಾಯಿಷಿಯೂ ಬಂತು. ಹಿಂದಿನ ಬೆಂಚಿನವರು ಇಷ್ಟು ಚೆಂದದ ನೆಪ ಹೇಳಿದ್ದರೆ ನಾನು ಫೋನ್ ವಾಪಸು ಕೊಟ್ಟುಬಿಡುತ್ತಿದ್ದೆನೇನೋ. ಆ ಮೂವರಲ್ಲೊಬ್ಬರು 2019ರಲ್ಲಿ ಉಪಮುಖ್ಯಮಂತ್ರಿಯಾದರು.

ಹಿರಿಯರ ಮನೆಯಾದ ವಿಧಾನ ಪರಿಷತ್ತಿನಲ್ಲಿ 2020ರ ಡಿಸೆಂಬರ್ 15ರಂದು ಉಪಸಭಾಪತಿಯವರನ್ನು ಪೀಠದಿಂದ ಎಳೆದು ಕೆಳಗಿಳಿಸಿದರು. ಅದನ್ನು ಹಾಸ್ಯ ಮಾಡಲು ನನಗೆ ಮನಸ್ಸು ಬಾರದು. ಮುಂದಕ್ಕೆ ಹೋಗುತ್ತೇನೆ.

ನಮ್ಮ ಶಾಲೆಗಳಲ್ಲೂ ಸಂಸತ್ತು ಇದೆ, ಗೊತ್ತಲ್ಲ? ಜೂನ್-ಜುಲೈನಲ್ಲಿ ಚುನಾವಣೆ, ಪ್ರಚಾರ, ಮತದಾನ, ಪ್ರಮಾಣವಚನ. ಸ್ವಚ್ಛತಾ ಮಂತ್ರಿ ಕಸಬರಿಕೆ ಎಣಿಸಬೇಕು, ಆಹಾರ ಮಂತ್ರಿ ಬಿಸಿಯೂಟ ಬಡಿಸುವಾಗ ನಿಂತು ಸಾಲು ನೋಡಬೇಕು, ನೀರಿನ ಮಂತ್ರಿ ಟ್ಯಾಂಕಿಗೆ ಇಣುಕಬೇಕು. ಖಾತೆ ಸಾಲದೆಂದು ಯಾವ ಆಹಾರ ಮಂತ್ರಿಯೂ ಬೆಂಬಲಿಗರನ್ನು ಕಟ್ಟಿಕೊಂಡು ರೆಸಾರ್ಟಿಗೆ ಹೋದದ್ದಿಲ್ಲ. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಸಂವಿಧಾನದ ಪೀಠಿಕೆ ಓದಬೇಕೆಂದು ಸರ್ಕಾರ 2023ರಲ್ಲಿ ಹೇಳಿತು, ಮಕ್ಕಳು ಓದುತ್ತಾರೆ. ಕೆಲವರಿಗೆ ಬಾಯಿಪಾಠವೂ ಆಗಿದೆ. ಆದೇಶ ಹೊರಡಿಸಿದವರಿಗೆ ಎಷ್ಟು ಬರುತ್ತದೆಂದು ಒಮ್ಮೆ ಎದ್ದು ನಿಲ್ಲಿಸಿ ಕೇಳುವ ಆಸೆ ನನಗಿದೆ.

ಇಷ್ಟೆಲ್ಲ ಹೇಳಿದೆನಲ್ಲ, ನನ್ನ ನಿಜವಾದ ದೂರು ಈ ಮಕ್ಕಳ ಮೇಲಲ್ಲ, ನಿಮ್ಮ ಮೇಲೆ. 2019ರ ಜುಲೈನಲ್ಲಿ ಕೆಲವರು ಟಿಸಿ ಪಡೆಯದೆ ಮುಂಬೈ ಹೋಟೆಲಿಗೆ ಓಡಿಹೋದರು. ಅಂದಿನ ಸಭಾಧ್ಯಕ್ಷರು 17 ಮಂದಿಯನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಲು ಬಿಟ್ಟಿತು. ಕೊನೆಯ ಮಾತು ನಿಮ್ಮದಾಗಿತ್ತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ 11 ಮಂದಿಯನ್ನು ನೀವೇ ಕೈಹಿಡಿದು ತಂದು ಹೊಸ ತರಗತಿಯಲ್ಲಿ ಕೂರಿಸಿದಿರಿ. 2020ರ ಫೆಬ್ರವರಿಯಲ್ಲಿ 10 ಮಂದಿ ಮಂತ್ರಿಗಳಾದರು. ನಿಮ್ಮ ಮನೆಯ ಹುಡುಗ ಶಾಲೆ ತಪ್ಪಿಸಿ ಸಿನಿಮಾಕ್ಕೆ ಹೋದರೆ ಕಿವಿ ಹಿಂಡುತ್ತೀರಿ. ಇವರಿಗೆ ಹಾರ ಹಾಕಿ ಪಟಾಕಿ ಹೊಡೆದಿರಿ.

ಮುಂದಿನ ಪೋಷಕರ ಸಭೆ 2028ರಲ್ಲಿ. ಅಷ್ಟರೊಳಗೆ ನಿಮ್ಮ ಕ್ಷೇತ್ರದ ಮಗುವನ್ನು ಊರ ಜಾತ್ರೆಯಲ್ಲೋ ಮದುವೆ ಮನೆಯಲ್ಲೋ ಕಂಡಾಗ ಸೆಲ್ಫಿ ತೆಗೆಸಿಕೊಳ್ಳುವ ಮೊದಲು ಎರಡೇ ಪ್ರಶ್ನೆ ಕೇಳಿ: ಈ ವರ್ಷ ಸದನಕ್ಕೆ ಎಷ್ಟು ದಿನ ಹೋದೆ, ನಮ್ಮ ಊರಿನ ಬಗ್ಗೆ ಏನು ಕೇಳಿದೆ? ಉತ್ತರವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಸಭೆಗೆ ಬರುವಾಗ ಅದನ್ನು ನೆನಪಿನಿಂದ ತನ್ನಿ. ಹಿಂದಿನ ರಾತ್ರಿ ಮನೆಗೆ ಬಂದ ಕುಕ್ಕರ್ ಮತ್ತು ಲಕೋಟೆಯನ್ನು ಮರೆತು ಬನ್ನಿ.

ಇಂತಿ ನಿಮ್ಮ,
ಒಬ್ಬ ನಿವೃತ್ತ ಮೇಷ್ಟ್ರು