ಲೆವೆಲ್ 4ರ ಸವಾರ

ಭಾನುವಾರ ನಸುಕಿನಲ್ಲಿ ಹೆಬ್ಬಾಳ ದಾಟಿ ನಂದಿಬೆಟ್ಟದ ಕಡೆ ಹೊರಟ ಬೈಕುಗಳ ಸಾಲಿನಲ್ಲಿ ಗೇರ್ ಪಂಡಿತನನ್ನು ಗುರುತಿಸುವುದು ಸುಲಭ. ಕತ್ತಿರಬೇಕಾದ ಕಡೆ ಕಾಲರ್ ಇರುತ್ತದೆ, ಬೆನ್ನಿರಬೇಕಾದ ಕಡೆ ಗೂನು. ಒಳಗೆ ಪಟ್ಟಿ ಕಟ್ಟಿದ ಬೆನ್ನುಗವಚ, ಅದರ ಮೇಲೆ ಮತ್ತೊಂದು ಬ್ಯಾಕ್ ಪ್ರೊಟೆಕ್ಟರ್ ತುರುಕಿದ ಜಾಕೆಟ್, ಅದರ ಮೇಲೆ ಏರ್‌ಬ್ಯಾಗ್ ವೆಸ್ಟ್, ಇಷ್ಟು ಸಾಲದೆಂದು ಕೊನೆಗೊಂದು ನೀರಿನ ಚೀಲ. ಪೆಟ್ರೋಲ್ ಬಂಕಿನಲ್ಲಿ ಇಷ್ಟೆಲ್ಲ ಜಿಪ್ಪು ಬಕಲ್ಲು ಬಿಚ್ಚಿ ಪರ್ಸು ತೆಗೆಯುವಷ್ಟರಲ್ಲಿ ಹಿಂದಿನ ಆಟೊದವನು ಅವನ ವಂಶಾವಳಿಯನ್ನೆಲ್ಲ ವಿಚಾರಿಸಿ ಮುಗಿಸಿರುತ್ತಾನೆ. ಇಷ್ಟು ಯಾಕಪ್ಪಾ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿದೆ: ಒಳಗಿನದು ಲೆವೆಲ್ 2, ಜಾಕೆಟ್ಟಿನದು ಲೆವೆಲ್ 2, ಎರಡೂ ಸೇರಿ ಲೆವೆಲ್ 4. ಏರ್‌ಬ್ಯಾಗನ್ನು ಅವನಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಹೊದ್ದುಕೊಂಡದ್ದು ಹೆಚ್ಚಾಯಿತೆಂದು ಇವನನ್ನು ನೋಡಿ ನಗುವವರ ಜೊತೆ ನಾನಿಲ್ಲ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದ ಮೇಲಿದ್ದವರು. ಕಾನೂನು ಕೇಳುವುದು ಹೆಲ್ಮೆಟ್ ಒಂದನ್ನೇ, ಅದನ್ನೂ ಕನ್ನಡಿಗೆ ನೇತುಹಾಕಿಕೊಂಡು ಹೋಗುವ ನಾಡಿನಲ್ಲಿ ಬೆನ್ನಿನ ಬಗ್ಗೆ ಯೋಚಿಸುವವನು ಸಿಕ್ಕಿದ್ದೇ ಪುಣ್ಯ. ನಗಬೇಕಾದದ್ದು ಅವನ ಕೂಡುವ ಲೆಕ್ಕಕ್ಕೆ. ಚಳಿಗೆ ಕಂಬಳಿಯ ಮೇಲೆ ಕಂಬಳಿ ಹೊದ್ದಹಾಗೆ ರಕ್ಷಣೆಯನ್ನೂ ಪದರ ಪದರವಾಗಿ ಏರಿಸಬಹುದೆಂದು ಅವನು ನಂಬಿದ್ದಾನೆ. ಆದರೆ ಈ ಲೆವೆಲ್ಲುಗಳು ಕೂಡಲು ಬರುವ ಸಂಖ್ಯೆಗಳೇ ಅಲ್ಲ. ಯುರೋಪಿನ ಇಎನ್ 1621-2 ಮಾನದಂಡದ ಪರೀಕ್ಷೆಯಲ್ಲಿ ಸುಮಾರು 1 ಮೀಟರ್ ಎತ್ತರದಿಂದ 5 ಕಿಲೋ ತೂಕವನ್ನು ಬೆನ್ನುಗವಚದ ಮೇಲೆ ಬೀಳಿಸಿ, ಕೆಳಗೆ ಎಷ್ಟು ಬಲ ದಾಟಿ ಬಂತೆಂದು ಅಳೆಯುತ್ತಾರೆ. ಸರಾಸರಿ 18 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 9 ಮೀರದಿದ್ದರೆ ಲೆವೆಲ್ 2. ಅಲ್ಲಿಗೆ ಪರೀಕ್ಷೆ ಮುಗಿಯಿತು. ಒಂದರ ಮೇಲೊಂದು ಜಾರಾಡುವ ಎರಡು ಕವಚಗಳಿಗೆ ಆ ಪರೀಕ್ಷೆಯಲ್ಲಿ ಜಾಗವಿಲ್ಲ. ಏರ್‌ಬ್ಯಾಗಿಗೆ ಬೇರೆಯದೇ ಮಾನದಂಡ, ಇಎನ್ 1621-4. ಅಲ್ಲಿ ಮಿತಿ ಇನ್ನೂ ಬಿಗಿ, ಲೆವೆಲ್ 1ಕ್ಕೆ 4.5, ಲೆವೆಲ್ 2ಕ್ಕೆ 2.5 ಕಿಲೋನ್ಯೂಟನ್.

ಅಂಕಿ ಇಷ್ಟು ಚೆನ್ನಾಗಿರುವಾಗ ಬೆನ್ನುಗವಚ ಕಿತ್ತುಹಾಕಿ ಏರ್‌ಬ್ಯಾಗ್ ಒಂದನ್ನೇ ಇಟ್ಟುಕೊಳ್ಳಬಾರದೇಕೆ? ಪಂಡಿತನ ಎದುರುಪಕ್ಷದವರ ವಾದ ಇದು, ಮೇಲುನೋಟಕ್ಕೆ ಬುದ್ಧಿವಂತಿಕೆಯದೇ. ಆದರೆ ವೆಸ್ಟು ಕೆಲಸ ಮಾಡುವ ಬಗೆಯನ್ನು ನೋಡಬೇಕು. ಹಗ್ಗದ ಮಾದರಿಯಲ್ಲಿ ವೆಸ್ಟಿನಿಂದ ಬೈಕಿಗೆ ಒಂದು ಪಟ್ಟಿ ಕಟ್ಟಿರುತ್ತದೆ. ಸವಾರ ಸೀಟಿನಿಂದ ಹಾರಿದಾಗ ಅದು ಬಲವಾಗಿ ಎಳೆದು ಕೀಲಿಯನ್ನು ಕಿತ್ತುಬಿಡುತ್ತದೆ, ಸಿಲಿಂಡರಿನ ಇಂಗಾಲದ ಡೈಆಕ್ಸೈಡ್ ಚೀಲಕ್ಕೆ ನುಗ್ಗುತ್ತದೆ. ಚೀಲ ತುಂಬಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕೆಂದೇ ಇಟ್ಟುಕೊಳ್ಳಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಮೈ ಸುಮಾರು 1.4 ಮೀಟರ್ ಮುಂದೆ ಹೋಗಿರುತ್ತದೆ. ಅದೂ ಪಟ್ಟಿ ಬಿಗಿಯಾದ ಮೇಲಿನ ಲೆಕ್ಕ. ಎದುರಿನ ಟೆಂಪೊ ಅದಕ್ಕಿಂತ ಹತ್ತಿರವಿದ್ದರೆ ಮೊದಲ ಪೆಟ್ಟು ಬೀಳುವಾಗ ಚೀಲ ಅರೆತುಂಬಿದ ಬಲೂನು. ಸೆನ್ಸರ್ ಇರುವ ಎಲೆಕ್ಟ್ರಾನಿಕ್ ವೆಸ್ಟುಗಳು ಸೀಟು ಬಿಡುವವರೆಗೆ ಕಾಯುವುದಿಲ್ಲ, ಆದರೆ ಅವನ್ನು ಚಾರ್ಜಿಗೆ ಹಾಕಲು ಮರೆಯುವಂತಿಲ್ಲ. ಚೀಲ ತುಂಬಿದ ಮೇಲೂ ಅದು ನಿಲ್ಲುವುದು ಸ್ವಲ್ಪ ಹೊತ್ತು, ಆಮೇಲೆ ಗಾಳಿ ಇಳಿಯುತ್ತದೆ. ಚೂಪಾದ ಜಲ್ಲಿಕಲ್ಲಿನ ಮೇಲೆ ಉಜ್ಜಿದರೆ ಚೀಲ ಹರಿಯಲೂಬಹುದು. ಇಂಥ ಹೊತ್ತಿಗೆ ಗ್ಯಾಸು ಬೇಡದ, ಹಗ್ಗ ಬೇಡದ, ಬ್ಯಾಟರಿ ಬೇಡದ, ಬೆನ್ನುಗವಚವೆಂಬ ಆ ಪೆದ್ದು ರಬ್ಬರ್ ಹಲಗೆಯೇ ಗತಿ. ಹಲಗೆಯ ಕೈಯಲ್ಲಾಗದ್ದೂ ಇದೆ. ಪಕ್ಕೆಲುಬು, ಎದೆ, ಕತ್ತಿನ ಬುಡ ಅದರ ವ್ಯಾಪ್ತಿಗೆ ಬರುವುದಿಲ್ಲ, ಚೀಲದ ವ್ಯಾಪ್ತಿಗೆ ಬರುತ್ತವೆ. ಅಂದಮೇಲೆ ಎರಡೂ ಬೇಕು. ಆದರೆ ಒಂದಕ್ಕೆ ಇನ್ನೊಂದು ಕೂಡುವುದರಿಂದಲ್ಲ, ಒಂದರ ಕೆಲಸ ಇನ್ನೊಂದಕ್ಕೆ ಬಾರದಿರುವುದರಿಂದ.

ಇಷ್ಟು ಒಪ್ಪಿದರೆ ಮೂರನೆಯ ಪದರದ ಕಥೆ ಅಲ್ಲಿಗೇ ಮುಗಿಯುತ್ತದೆ. ಎರಡು ಹಲಗೆಗಳು ಒಂದೇ ಕೆಲಸಕ್ಕೆ ಜಗಳಾಡುತ್ತವೆ. ಮೇಲಿನದು ಜಾರಿ ಪಕ್ಕಕ್ಕೆ ಸರಿದರೆ ಬೆನ್ನುಮೂಳೆಯ ಜಾಗ ಬಿಟ್ಟು ಭುಜವನ್ನು ಕಾಯುತ್ತದೆ. ಹೆಚ್ಚಿದ್ದರೆ ನಷ್ಟವೇನು ಎಂಬ ಪಂಡಿತನ ಪ್ರಶ್ನೆಗೆ ಅವನ ನೀರಿನ ಚೀಲವೇ ಉತ್ತರ. ಏರ್‌ಬ್ಯಾಗ್ ಉಬ್ಬಲು ಹೊರಗೆ ಜಾಗ ಬೇಕು, ಅದರ ಮೇಲೆ ಬಿಗಿಯಾಗಿ ಚೀಲ ಕಟ್ಟಿದರೆ ಉಬ್ಬುವುದೆಲ್ಲಿಗೆ? ಒಳಗೆ ತೊಡುವ ಮಾದರಿಯ ವೆಸ್ಟನ್ನು ಮೈಗಂಟುವ ಜಾಕೆಟ್ಟಿನೊಳಗೆ ತೊಟ್ಟರೂ ಇದೇ ಗತಿ, ಉಬ್ಬಿದ ಚೀಲ ಒಳಗೆ ಎದೆಯನ್ನೇ ಹಿಂಡುತ್ತದೆ. ಬೆನ್ನುಮೂಳೆ ಮುರಿಯುವುದು ಬಹಳ ಸಲ ಮೈ ತಿರುಚಿ ಮಡಚಿದಾಗ, ಅದಕ್ಕೆ ಯಾವ ಹಲಗೆಯೂ ಮದ್ದಲ್ಲ ಎಂದು ಮೂಳೆ ಬಲ್ಲವರು ಆಕ್ಷೇಪ ಎತ್ತಬಹುದು. ಆ ಮಾತು ನಿಜ. ಆದರೆ ಅದು ಹಲಗೆಯಿಂದ ಏನನ್ನು ನಿರೀಕ್ಷಿಸಬೇಕೆಂದು ಹೇಳುತ್ತದೆಯೇ ಹೊರತು ಹಲಗೆ ಬೇಡವೆಂದಲ್ಲ. ಅಗ್ಗದ ಜಾಕೆಟ್ಟುಗಳ ಬೆನ್ನಿನ ಜೇಬಿನಲ್ಲಿ ಅಂಗಡಿಯವರೇ ಇಟ್ಟುಕೊಡುವ ಸ್ಪಂಜಿನ ಹಾಳೆಗೆ ಈ ಮರ್ಯಾದೆ ಸಲ್ಲದು, ಅದಕ್ಕೆ ಯಾವ ಲೆವೆಲ್ಲೂ ಇಲ್ಲ.

ಪಂಡಿತನ ಮೇಲಿನ ದೊಡ್ಡ ದೂರು ಬೇರೆಯೇ. ಮೂರು ಪದರ ಹೊತ್ತವನಿಗೆ ಏಪ್ರಿಲ್ ಬಿಸಿಲಿನ ಸಿಗ್ನಲ್ಲಿನಲ್ಲಿ ಎರಡು ನಿಮಿಷ ನಿಲ್ಲಲಾಗುವುದಿಲ್ಲ. ಹಾಗಾಗಿ ಸೋಮವಾರ ಸಿಲ್ಕ್ ಬೋರ್ಡಿನ ಲಾರಿಗಳ ನಡುವೆ ಆಫೀಸಿಗೆ ಹೋಗುವಾಗ ಅವನ ಮೈಮೇಲಿರುವುದು ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಲೆವೆಲ್ 4 ಮನೆಯ ಬೀರುವಿನ ಮೊಳೆಗೆ ತೂಗುತ್ತಿರುತ್ತದೆ. ಪಂಡಿತರೇ, ಒಳಗಿನ ಹಲಗೆ ಮಾರಿಬಿಡಿ, ನೀರಿನ ಚೀಲವನ್ನು ಟ್ಯಾಂಕಿನ ಮೇಲೆ ಕಟ್ಟಿ. ಜಾಕೆಟ್ಟಿಗೆ ಅಳತೆಗೆ ಸರಿಯಾದ ಒಂದೇ ಲೆವೆಲ್ 2 ಹಲಗೆ ಹಾಕಿ, ಅದರ ಮೇಲೆ ಏರ್‌ಬ್ಯಾಗ್ ವೆಸ್ಟ್ ತೊಟ್ಟು, ಪಟ್ಟಿಯ ಕೊಕ್ಕೆಯನ್ನು ಬೈಕಿಗೆ ಸಿಕ್ಕಿಸಿಕೊಂಡು ಸೋಮವಾರ ಆಫೀಸಿಗೆ ಹೊರಡಿ.