ಸಮಾನತೆಯಲ್ಲೂ ನಮಗೆ ನಾಲ್ಕನೇ ರ‍್ಯಾಂಕು!

2025ರ ಮೇ ತಿಂಗಳಲ್ಲಿ ನೀತಿ ಆಯೋಗದ ಸಿಇಒ ಸಾಹೇಬರು ಒಂದು ಶುಭ ಸಮಾಚಾರ ಕೊಟ್ಟರು: ಜಪಾನನ್ನು ಹಿಂದಕ್ಕೆ ತಳ್ಳಿ ನಾವು ಜಗತ್ತಿನ ನಾಲ್ಕನೇ ದೊಡ್ಡ ಆರ್ಥಿಕತೆಯಾಗಿದ್ದೇವೆ. ಆ ಸಿಹಿ ಬಾಯಲ್ಲಿ ಕರಗುವ ಮೊದಲೇ, ಜುಲೈ ಮೊದಲ ವಾರದಲ್ಲಿ, ಕೇಂದ್ರದ ಪಿಐಬಿ ಇನ್ನೊಂದು ಪ್ರಕಟಣೆ ಹೊರಡಿಸಿತು: ಭಾರತ ಜಗತ್ತಿನ ನಾಲ್ಕನೇ ಅತಿ ಸಮಾನ ದೇಶ. ಎರಡು ತಿಂಗಳೊಳಗೆ ಎರಡು ರ‍್ಯಾಂಕು. ಟ್ಯುಟೋರಿಯಲ್‌ನವರೂ ಇಷ್ಟು ಬೇಗ ಫ್ಲೆಕ್ಸ್ ಬದಲಾಯಿಸುವುದಿಲ್ಲ.

ಜಪಾನಿನ ತಲಾ ವರಮಾನ ನಮ್ಮದರ ಹತ್ತು ಪಟ್ಟಿಗೂ ಹೆಚ್ಚಿದೆಯಲ್ಲ ಎಂದು ಯಾರೋ ಗೊಣಗಿದರು. ಮದುವೆ ಮನೆಯಲ್ಲಿ ಅಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ, ಬಿಡಿ. ಇದೇ ನಾಲ್ಕನೇ ದೊಡ್ಡ ಆರ್ಥಿಕತೆಯಲ್ಲಿ ಸುಮಾರು 80 ಕೋಟಿ ಜನರಿಗೆ ತಿಂಗಳಿಗೆ ಐದೈದು ಕಿಲೋ ಧಾನ್ಯ ಪುಕ್ಕಟೆ ಕೊಡುತ್ತಿದ್ದೇವೆ, 2028ರ ಕೊನೆಯವರೆಗೂ ಕೊಡುತ್ತೇವೆ ಎಂಬುದನ್ನೂ ಅದೇ ಭಾಷಣಗಳಲ್ಲಿ ಅಷ್ಟೇ ಹೆಮ್ಮೆಯಿಂದ ಹೇಳುತ್ತಾರೆ. ಎರಡೂ ಹೆಮ್ಮೆ ಒಂದೇ ಎದೆಯಲ್ಲಿ ಹೇಗೆ ಹಿಡಿಸುತ್ತದೆ ಎಂದು ಕೇಳಬಾರದು. ಅದಕ್ಕೆ ಎದೆಯ ಅಳತೆ ದೊಡ್ಡದಿರಬೇಕು.

ಸಮಾನತೆಯಲ್ಲಿ ನಮಗಿಂತ ಮುಂದಿರುವವರು ಮೂವರೇ: ಸ್ಲೊವಾಕಿಯಾ, ಸ್ಲೊವೇನಿಯಾ, ಬೆಲಾರೂಸ್. ಚೀನಾ, ಅಮೆರಿಕ, ಜಿ-7ರ ಘಟಾನುಘಟಿಗಳೆಲ್ಲ ನಮ್ಮ ಹಿಂದೆ. ಲೆಕ್ಕ ಗಿನಿ ಸೂಚ್ಯಂಕದ್ದು. ಎಲ್ಲರಿಗೂ ಸಮಪಾಲು ಸಿಕ್ಕರೆ ಸೊನ್ನೆ, ಒಬ್ಬನೇ ಎಲ್ಲವನ್ನೂ ಬಾಚಿಕೊಂಡರೆ ನೂರು. ನಮ್ಮದು 25.5, ಚೀನಾದ್ದು 35.7, ಅಮೆರಿಕದ್ದು 41.8. ಇದನ್ನು ರೂಪಿಸಿದ ಇಟಲಿಯ ಕೊರ‍್ರಾದೊ ಗಿನಿ ಮಹಾಶಯರು 1927ರಲ್ಲಿ ಫ್ಯಾಸಿಸಂಗೆ ವೈಜ್ಞಾನಿಕ ತಳಹದಿ ಒದಗಿಸುವ ಲೇಖನವನ್ನೂ ಬರೆದಿದ್ದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಸುಮ್ಮನೆ ನೆನಪಾಯಿತು.

ಹಾಗಾದರೆ ಗುಟ್ಟು ಎಲ್ಲಿದೆ? ಅಮೆರಿಕ, ಸ್ಲೊವಾಕಿಯಾದಂಥ ದೇಶಗಳ ಅಂಕಿ ಜನರ ವರಮಾನವನ್ನು ಅಳೆದು ಬಂದದ್ದು. ನಮ್ಮದು ಖರ್ಚನ್ನು ಅಳೆದು ಬಂದದ್ದು. ಅವರು ಜೇಬಿಗೆ ಕೈಹಾಕಿ ನೋಡಿದರು, ನಾವು ತಟ್ಟೆಗೆ ಇಣುಕಿದೆವು, ಆಮೇಲೆ ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಕೂರಿಸಿದೆವು. 25.5 ಎಂಬ ಅಂಕಿ ಸಿಕ್ಕಿದ್ದು ವಿಶ್ವಬ್ಯಾಂಕಿನ ಟಿಪ್ಪಣಿಯಲ್ಲಿ. ಈ ಅಂಕಿ ಅಸಮಾನತೆಯನ್ನು ಕಡಿಮೆ ತೋರಿಸುತ್ತಿರಬಹುದು ಎಂಬ ಎಚ್ಚರಿಕೆಯೂ ಅಲ್ಲೇ ಇತ್ತು. ವರಮಾನ ಹಿಡಿದು ಅಳೆಯುವ ವಿಶ್ವ ಅಸಮಾನತೆ ದತ್ತಾಂಶದ ಪ್ರಕಾರ ಭಾರತದ ಗಿನಿ 2004ರಲ್ಲಿ 52 ಇದ್ದದ್ದು 2023ಕ್ಕೆ 62 ಆಗಿದೆ ಎಂಬುದೂ ಅಲ್ಲೇ ಇತ್ತು. ಪ್ರಕಟಣೆ ಬರೆದವರು ಸಿಹಿ ಆಯ್ದುಕೊಂಡು ಖಾರ ಬಿಟ್ಟರು. ಮಧುಮೇಹದ ರಾಜಧಾನಿಯಲ್ಲಿ ಇದೇನೂ ಹೊಸದಲ್ಲ.

ಖರ್ಚಿನ ಲೆಕ್ಕದ ಮಹಿಮೆ ದೊಡ್ಡದು. ಎಷ್ಟು ಸಾವಿರ ಕೋಟಿ ಇದ್ದರೂ ಒಂದು ಬೆಳಗ್ಗೆ ತಟ್ಟೆ ಇಡ್ಲಿ ಎಷ್ಟು ತಿನ್ನಲು ಸಾಧ್ಯ? ಎರಡು, ಹೆಚ್ಚೆಂದರೆ ಮೂರು. ಬೆಂಗಳೂರಿನ ಕೋಟ್ಯಧೀಶರಂತೂ ದರ್ಶಿನಿಯಲ್ಲಿ ನಿಂತುಕೊಂಡೇ ತಿನ್ನುತ್ತಾರೆ. ಪಕ್ಕದಲ್ಲಿದ್ದವರು ಫೋಟೊ ಹಿಡಿದು 'ಎಂಥ ಸರಳತೆ' ಎಂದು ಸ್ಟೇಟಸ್ ಹಾಕುತ್ತಾರೆ. ಇಡ್ಲಿ ತಿಂದದ್ದು ಲೆಕ್ಕಕ್ಕೆ ಬರುತ್ತದೆ, ಆ ಬೆಳಗ್ಗೆ ಶೇರುಪೇಟೆಯಲ್ಲಿ ಏರಿದ್ದು ಬರುವುದಿಲ್ಲ. ಇನ್ನೊಂದು ಕಡೆ, ಬಡವರ ಮನೆಯಲ್ಲಿ ಯಾರೋ ಆಸ್ಪತ್ರೆ ಸೇರಿದರು ಎನ್ನಿ. ಸ್ವಸಹಾಯ ಸಂಘದಿಂದ, ಮೈಕ್ರೋ ಫೈನಾನ್ಸಿನಿಂದ, ಕೊನೆಗೆ ಕೈಸಾಲ ತಂದು ಬಿಲ್ಲು ಕಟ್ಟುತ್ತಾರೆ. ಅದು ಖರ್ಚು. ಆ ವರ್ಷ ಆ ಮನೆ ಕಾಗದದ ಮೇಲೆ ಒಂದು ಮೆಟ್ಟಿಲು ಮೇಲೇರುತ್ತದೆ. ಸಾಲದ ಕಿರುಕುಳ ತಡೆಯಲಾರದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟಾಗ ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಮೈಕ್ರೋ ಫೈನಾನ್ಸ್ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸುಗ್ರೀವಾಜ್ಞೆಯ ಕಣ್ಣಿಗೆ ಅವರು ಸಂತ್ರಸ್ತರು. ಗಿನಿಯ ಕಣ್ಣಿಗೆ ಗ್ರಾಹಕರು.

ದೇವನಹಳ್ಳಿಯ ರೈತರಿಗೆ ಈ ಅರ್ಥಶಾಸ್ತ್ರ ಗೊತ್ತಿರಲಿಲ್ಲ, ಪಾಪ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆ ಕೊಡಿ ಎಂದು ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ನೋಟಿಸು ಕೊಟ್ಟರೆ, ಅವರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. ರಾಗಿ, ದ್ರಾಕ್ಷಿ, ಹೂವು, ಹಾಲು ಎಂದು ಹಟ ಹಿಡಿದರು. ಜಮೀನು ಬಿಟ್ಟುಕೊಟ್ಟಿದ್ದರೆ ಏನಾಗುತ್ತಿತ್ತು ನೋಡಿ: ಪರಿಹಾರದ ದುಡ್ಡಿನಲ್ಲಿ ಬಾಗಿಲಿಗೆ ಒಂದು ಬಿಳಿ ಕಾರು, ಗೋಡೆಗೆ ಇಷ್ಟಗಲದ ಟಿವಿ, ಕನ್ವೆನ್ಷನ್ ಹಾಲಿನಲ್ಲಿ ಮಗಳ ಮದುವೆ, ಮೂರು ಬಗೆಯ ಐಸ್‌ಕ್ರೀಮು. ಅದೇ ವರ್ಷ ಸಮೀಕ್ಷೆ ನಡೆದಿದ್ದರೆ ಆ ಹೋಬಳಿ ಬೆಲಾರೂಸನ್ನು ಹಿಂದೆ ಹಾಕುತ್ತಿತ್ತು. ಐದು ವರ್ಷ ಕಳೆದು ಅದೇ ರೈತ ಅದೇ ಪಾರ್ಕಿನ ಗೇಟಿನಲ್ಲಿ ಯೂನಿಫಾರಂ ಹಾಕಿ ನಿಂತಾಗ? ಆಗಲೂ ಅವನು ಅನ್ನ ತಿನ್ನುತ್ತಾನಲ್ಲ, ಖರ್ಚಾಯಿತು. ಕಳೆದುಕೊಂಡ ಹೊಲಕ್ಕೆ ಮಾತ್ರ ಆ ಲೆಕ್ಕದಲ್ಲಿ ಜಾಗವಿಲ್ಲ.

ಸಮಾನತೆಯ ಪ್ರಕಟಣೆ ಬಂದು ಹದಿನೈದು ದಿನವೂ ಆಗಿರಲಿಲ್ಲ, ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟೆವು ಎಂದು ಘೋಷಿಸಿದರು. ರೈತರು ಸಿಹಿ ಹಂಚಿದರು. ಅದನ್ನು ಅವರು ತಿಂದು ಮುಗಿಸುವಷ್ಟರಲ್ಲಿ ಆಂಧ್ರದ ಸಚಿವ ನಾರಾ ಲೋಕೇಶ್ ಎಕ್ಸ್‌ನಲ್ಲಿ ವಿಮಾನೋದ್ಯಮಕ್ಕೆ ಆಹ್ವಾನ ಕಳಿಸಿಯಾಗಿತ್ತು: ಬೆಂಗಳೂರಿನ ಮಗ್ಗುಲಲ್ಲೇ ನಮ್ಮ ಹತ್ತಿರ 8,000 ಎಕರೆ ಸಿದ್ಧವಿದೆ, ಬನ್ನಿ. ಇದಕ್ಕೆ ಒಕ್ಕೂಟ ವ್ಯವಸ್ಥೆಯಲ್ಲಿ ಆರೋಗ್ಯಕರ ಪೈಪೋಟಿ ಎನ್ನುತ್ತಾರೆ. ಜಾಗತೀಕರಣದಲ್ಲಿ ಬಂಡವಾಳಕ್ಕೆ ರೆಕ್ಕೆಯಿದೆ, ಹೊಲಕ್ಕಿಲ್ಲ. ಹಾರುವವರನ್ನು ಹಿಡಿದು ಕೂರಿಸಲು ರಾಜ್ಯಗಳು ನೆಲ, ನೀರು, ತೆರಿಗೆ ರಿಯಾಯಿತಿಗಳ ಬುಟ್ಟಿ ಹೊತ್ತು ಸಾಲಾಗಿ ನಿಂತಿವೆ. ಒಂದು ರಾಜ್ಯದ ರೈತ ಬೇಡ ಎಂದರೆ ಪಕ್ಕದ ರಾಜ್ಯದ ರೈತನನ್ನು ಕೇಳದೆಯೇ ಅವನ ಪರವಾಗಿ ಹೂಂ ಎನ್ನುವವರಿದ್ದಾರೆ.

ಅದೇ ದೇವನಹಳ್ಳಿ ಸೀಮೆಯಲ್ಲೇ ಫಾಕ್ಸ್‌ಕಾನ್ ಐಫೋನ್ ಜೋಡಿಸುತ್ತದೆ. 2025ರ ಆಗಸ್ಟ್‌ನಲ್ಲಿ ಟ್ರಂಪ್ ಸಾಹೇಬರು ಭಾರತದ ಸರಕಿನ ಮೇಲೆ ಶೇ 50ರ ಸುಂಕ ಹೇರಿದಾಗ ಫೋನಿಗೆ ವಿನಾಯಿತಿ ಸಿಕ್ಕಿತು, ಪೀಣ್ಯ-ಬೊಮ್ಮನಹಳ್ಳಿಯ ಹೆಣ್ಣುಮಕ್ಕಳು ಹೊಲಿಯುವ ಅಂಗಿಗೆ ಸಿಗಲಿಲ್ಲ. ಅಂಗಿ ಅಮೆರಿಕದ ಮಾಲಿಗೆ ಹೋಗುತ್ತದೆ, ಅದರ ಲಾಭದ ದೊಡ್ಡ ಪಾಲೂ ಅಲ್ಲೇ ಇಳಿದುಕೊಳ್ಳುತ್ತದೆ. ಸಮಾನತೆಯನ್ನು ಮಾತ್ರ ನಾವು ದೇಶದ ಗಡಿಯೊಳಗೆ ಅಳೆದು ಮುಗಿಸುತ್ತೇವೆ. ಹೊಲಿದವಳಿಗೂ ಮಾರಿದವನಿಗೂ ನಡುವಿನ ಅಂತರಕ್ಕೆ ಯಾವ ದೇಶದ ಗಿನಿಯಲ್ಲೂ ಕಾಲಂ ಇಲ್ಲ.

ಇನ್ನು ಈ ಖರ್ಚನ್ನಾದರೂ ನೆಟ್ಟಗೆ ಅಳೆದರೇ? 2022-23ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ, ನಗರ ಭಾರತದ ಅತಿ ಸಿರಿವಂತ ಶೇ 5ರಷ್ಟು ಜನರ ಸರಾಸರಿ ಖರ್ಚು ತಲೆಗೆ ತಿಂಗಳಿಗೆ 20,824 ರೂಪಾಯಿ. ನಾಲ್ಕು ಜನರ ಸಂಸಾರವಾದರೆ ಎಂಬತ್ತಮೂರು ಸಾವಿರ ಚಿಲ್ಲರೆ. ವೈಟ್‌ಫೀಲ್ಡ್‌ನಲ್ಲಿ ಮನೆ ಬಾಡಿಗೆ, ಎರಡು ಮಕ್ಕಳ ಸ್ಕೂಲ್ ಫೀಸು, ಸ್ವಿಗ್ಗಿ, ಪೆಟ್ರೋಲು ಎಂದು ಲೆಕ್ಕ ಹಾಕುತ್ತ 'ತಿಂಗಳ ಕೊನೆಗೆ ಏನೂ ಉಳಿಯಲ್ಲ ಕಣ್ರೀ' ಎನ್ನುವ ಮಧ್ಯಮ ವರ್ಗದ ಬಂಧುವೇ, ಅಭಿನಂದನೆಗಳು. ನೀವು ಈ ದೇಶದ ಕುಬೇರರು. ನಿಮ್ಮ ಮೇಲಿನವರು ಎಲ್ಲಿ ಹೋದರು ಎಂದಿರಾ? ಅವರು ಗೇಟಿನ ಒಳಗಿದ್ದಾರೆ.

ಸರ್ಜಾಪುರ ರಸ್ತೆಯ ಯಾವುದಾದರೊಂದು ಅಪಾರ್ಟ್‌ಮೆಂಟ್ ಊಹಿಸಿಕೊಳ್ಳಿ. ಟ್ಯಾಬ್ ಹಿಡಿದ ಸಮೀಕ್ಷಕ ಗೇಟಿನ ಬಳಿ ನಿಂತಿದ್ದಾನೆ. ಕೊರಳಲ್ಲಿ ಸರ್ಕಾರದ ಐಡಿ ಕಾರ್ಡು. ಒಳಗೆ ಸೆಕ್ಯುರಿಟಿ, ದೇವದುರ್ಗದ ಕಡೆಯವನು.

"ಯಾವ ಫ್ಲಾಟಿಗ್ರೀ?"

"ಹನ್ನೆರಡನೇ ಫ್ಲೋರು. ಸರ್ಕಾರದ ಸಮೀಕ್ಷೆ."

"ಆ್ಯಪ್‌ನ್ಯಾಗ ಡೆಲಿವರಿ ಐತ್ರಿ, ಕ್ಯಾಬ್ ಐತಿ, ಕೆಲಸದಾಕಿ ಅಂತ ಐತಿ. ಸಮೀಕ್ಷೆ ಅನ್ನೂದು ಇಲ್ರೀ."

"ಗೆಸ್ಟ್ ಅಂತ ಒತ್ತಿ."

ಒತ್ತುತ್ತಾನೆ. ಮೇಲಿನವರು ಎತ್ತುವುದಿಲ್ಲ. ಮತ್ತೆ ಒತ್ತುತ್ತಾನೆ. ಈ ಸಲ 'ನಿರಾಕರಿಸಲಾಗಿದೆ' ಎಂದು ಕೆಂಪಗೆ ಬರುತ್ತದೆ. ನಿಯಮದ ಪ್ರಕಾರ ಗೇಟಿನವನನ್ನು ಕೇಳುವಂತಿಲ್ಲ. ಆದರೂ ಬಂದ ತಪ್ಪಿಗೆ ಸಮೀಕ್ಷಕ ಮಾತಿಗೆಳೆಯುತ್ತಾನೆ. ಹೋದ ಏಳು ದಿನದಲ್ಲಿ ಎಷ್ಟು ಮೊಟ್ಟೆ ತಿಂದಿರಿ? ಮನೆಯಲ್ಲಿ ಎಸಿ ಇದೆಯೇ?

"ಈ ಕ್ಯಾಬಿನ್‌ನ್ಯಾಗ ಒಂದು ಫ್ಯಾನ್ ಐತ್ರಿ. ಅದೂ ಅಸೋಸಿಯೇಷನ್‌ದು."

"ಫೋನು?"

"ಅದು ಮಾತ್ರ ಮ್ಯಾಲಿನ ಸಾಹೇಬ್ರದೂ ನಂದೂ ಒಂದೇ ಕಂಪನಿ ನೋಡ್ರಿ. ಅವರದು ನಗದು, ನಂದು ಕಂತು."

ಇದೇ ಸಮಾನತೆ. ಇದನ್ನೇ ನಾವು 25.5 ಎಂದು ಬರೆದುಕೊಂಡದ್ದು.

ಗೇಟಿನ ಪ್ರಸಂಗ ನನ್ನ ಕಲ್ಪನೆ, ಮುಂದಿನದು ಕಲ್ಪನೆಯಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯವರು ಇನ್ಫೊಸಿಸ್ ನಾರಾಯಣಮೂರ್ತಿ-ಸುಧಾ ಮೂರ್ತಿ ದಂಪತಿಯ ಮನೆಗೆ ಹೋದಾಗ, ನಾವು ಹಿಂದುಳಿದ ಸಮುದಾಯದವರಲ್ಲ, ಭಾಗವಹಿಸುವುದಿಲ್ಲ ಎಂದು ಕನ್ನಡದಲ್ಲೇ ಬರೆದುಕೊಟ್ಟರು. ಮಾಹಿತಿ ಕೊಡುವುದು ಐಚ್ಛಿಕ ಎಂದು ಹೈಕೋರ್ಟ್ ಹೇಳಿತ್ತು, ಹಾಗಾಗಿ ಅವರು ಕಾನೂನು ಮೀರಿಲ್ಲ. ಆದರೆ ವಾರಕ್ಕೆ 70 ಗಂಟೆ ದುಡಿಯಿರಿ ಎಂದು ದೇಶದ ಯುವಕರಿಗೆ ಹೇಳುವಷ್ಟು ಸಮಯವಿದ್ದವರ ಹತ್ತಿರ ಒಂದು ಪ್ರಶ್ನಾವಳಿಗೆ ಸಮಯವಿರಲಿಲ್ಲ. ಮುಂದುವರಿದವರನ್ನು ಎಣಿಸದೆ ಹಿಂದುಳಿದವರು ಎಷ್ಟು ಹಿಂದಿದ್ದಾರೆ ಎಂದು ತಿಳಿಯುವುದು ಹೇಗೆ?

ಗೃಹಬಳಕೆ ವೆಚ್ಚ ಸಮೀಕ್ಷೆಯ ಮುಂದಿನ ವರ್ಷದ ಅಂಕಿಯಂತೂ ಇನ್ನೂ ಚಂದ. ಎರಡನೇ ಸಮೀಕ್ಷೆ ನಡೆದದ್ದು 2023ರ ಆಗಸ್ಟ್‌ನಿಂದ 2024ರ ಜುಲೈವರೆಗೆ. ಜಾಮ್‌ನಗರಕ್ಕೆ ಮದುವೆಪೂರ್ವ ಸಂಭ್ರಮಕ್ಕೆಂದು ಗಾಯಕಿ ರಿಹಾನಾ ಬಂದು ಹಾಡಿಹೋದದ್ದು ಇದೇ ಅವಧಿಯಲ್ಲಿ. ಮುಂಬೈಯಲ್ಲಿ ಅಂಬಾನಿ ಮನೆಯ ಆ ಮದುವೆ ನಡೆದದ್ದು ಇದೇ ಅವಧಿಯ ಕೊನೆಯ ತಿಂಗಳಲ್ಲಿ. ಅದೇ ತಿಂಗಳು ಅವರದೇ ಜಿಯೊ ತನ್ನ ರೀಚಾರ್ಜ್ ದರವನ್ನೂ ಏರಿಸಿತು, ಮುಯ್ಯಿ ಹಾಕುವ ಭಾಗ್ಯದಿಂದ ಯಾರೂ ವಂಚಿತರಾಗಬಾರದೆಂದೋ ಏನೋ. ಅಂಥ ವರ್ಷದಲ್ಲಿ ನಗರಗಳ ಖರ್ಚಿನ ಗಿನಿ 31.4ರಿಂದ 28.4ಕ್ಕೆ ಇಳಿಯಿತು, ಹಳ್ಳಿಗಳಲ್ಲಿ 26.6ರಿಂದ 23.7ಕ್ಕೆ. ಅಂದರೆ ಅಸಮಾನತೆ ಇನ್ನಷ್ಟು ಕಡಿಮೆಯಾಯಿತು!

ತೋಮಸ್ ಪಿಕೆಟಿ ಮತ್ತವರ ಜೊತೆಗಾರರು 2024ರ ಮಾರ್ಚ್‌ನಲ್ಲಿ ಬೇರೆ ಲೆಕ್ಕ ಕೊಟ್ಟಿದ್ದರು. 2022-23ರಲ್ಲಿ ದೇಶದ ಮೇಲ್ತುದಿಯ ಶೇ 1ರಷ್ಟು ಜನರ ಕೈಯಲ್ಲಿ ವರಮಾನದ ಶೇ 22.6, ಸಂಪತ್ತಿನ ಶೇ 40.1. ವರಮಾನದ ಈ ಹಂಚಿಕೆ ಬ್ರಿಟಿಷರ ಕಾಲಕ್ಕಿಂತ ಕೆಟ್ಟದ್ದು ಎಂದರು ಅವರು. ವಿದೇಶಿ ಷಡ್ಯಂತ್ರ ಎಂದು ಮುಗಿಸಬಹುದು. ಆದರೆ ಮೇಲ್ತುದಿಯವರನ್ನು ನೆಟ್ಟಗೆ ಹಿಡಿಯುವ ಸ್ವದೇಶಿ ಲೆಕ್ಕ ನಮ್ಮಲ್ಲಿ ಸಿಗುವುದು ಕಷ್ಟ. ಸಂಪತ್ತು ಎಣಿಸಲು ಇದ್ದ ಕಾರಣಗಳನ್ನೇ ತೆಗೆದುಹಾಕಿದ್ದೇವೆ. ಎಸ್ಟೇಟ್ ಸುಂಕವನ್ನು 1985ರಲ್ಲಿ ಕಾಂಗ್ರೆಸ್ ಸರ್ಕಾರ ರದ್ದು ಮಾಡಿತು, ಸಂಪತ್ತು ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ಬಿಜೆಪಿ ಸರ್ಕಾರ. ಶ್ರೀಮಂತರ ವಿಷಯದಲ್ಲಿ ನಮ್ಮ ಪಕ್ಷಗಳ ನಡುವೆ ಅಸಮಾನತೆ ಇಲ್ಲವೇ ಇಲ್ಲ.

ಕರ್ನಾಟಕದ ಸಮಾನತೆಯೂ ಕಡಿಮೆಯದೇನಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಪಟ್ಟಿ ಕೊಟ್ಟಿತು. ಇಪ್ಪತ್ತು ವರ್ಷ ಅದನ್ನು ಪೂಜಿಸಿ, 2024ರಲ್ಲಿ ಎಷ್ಟು ಮುಂದುವರಿದಿವೆ ನೋಡೋಣ ಎಂದು ಗೋವಿಂದರಾವ್ ಸಮಿತಿ ಮಾಡಿದೆವು. ಬೆಂಗಳೂರು ನಗರ ಜಿಲ್ಲೆಯ ತಲಾ ವರಮಾನ ಕಲಬುರಗಿಯದ್ದರ ಸುಮಾರು ಐದು ಪಟ್ಟು. ಆ ಕಡೆಯವರು ಗುಳೆ ಬಂದು ಈ ಕಡೆಯ ಗೇಟು ಕಾಯುತ್ತಾರೆ. ಪ್ರಾದೇಶಿಕ ಅಸಮತೋಲನ ನಿವಾರಣೆಯ ಕಾರ್ಯಕ್ರಮಗಳಲ್ಲಿ ತಪ್ಪದೆ ಜಾರಿಯಲ್ಲಿರುವುದು ಇದೊಂದೇ.

ಕೊನೆಗೂ ಕೇಂದ್ರ ಅಂಕಿಅಂಶ ಸಚಿವಾಲಯಕ್ಕೆ ಜೇಬು ನೋಡುವ ಮನಸ್ಸಾಗಿದೆ. 2026ರ ಫೆಬ್ರುವರಿಯಿಂದ ದೇಶದ ಮೊದಲ ಪೂರ್ಣಪ್ರಮಾಣದ ಕುಟುಂಬ ವರಮಾನ ಸಮೀಕ್ಷೆ ಎಂದು 2025ರ ಜೂನ್‌ನಲ್ಲೇ ಪ್ರಕಟಿಸಿದರು. ಪೂರ್ವಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದಾಗ ಶೇ 95ರಷ್ಟು ಜನ 'ಇದೆಲ್ಲ ಕೇಳುವಂಥದ್ದಲ್ಲ' ಎಂದು ಮುಖ ಸಿಂಡರಿಸಿದರಂತೆ. ಐವತ್ತರ, ಅರವತ್ತರ ದಶಕಗಳಲ್ಲಿ, ಮತ್ತೆ ಎಂಬತ್ತರ ದಶಕದಲ್ಲಿ ಹೀಗೇ ಕೇಳಿ ನೋಡಿದ್ದರು. ಜನ ಹೇಳಿದ ವರಮಾನ, ಅದೇ ಜನ ಹೇಳಿದ ಖರ್ಚು ಮತ್ತು ಉಳಿತಾಯದ ಮೊತ್ತಕ್ಕಿಂತ ಕಡಿಮೆ ಬಂತು. ಗಳಿಸಿದ್ದಕ್ಕಿಂತ ಹೆಚ್ಚು ಉಂಡು, ಮೇಲೆ ಉಳಿಸುವ ಪವಾಡಪುರುಷರನ್ನು ಯಾವ ಕಾಲಂನಲ್ಲಿ ಕೂರಿಸುವುದೆಂದು ತಿಳಿಯದೆ ಅಧಿಕಾರಿಗಳು ಯೋಜನೆಯನ್ನೇ ಕೈಬಿಟ್ಟರು.

ಆದ್ದರಿಂದ ಓದುಗರಲ್ಲಿ, ಅದರಲ್ಲೂ ಹತ್ತನೇ ಮಹಡಿಗಿಂತ ಮೇಲಿರುವ ಓದುಗರಲ್ಲಿ, ಒಂದು ವಿನಂತಿ. ಟ್ಯಾಬ್ ಹಿಡಿದವರು ಬಂದರೆ ದಯವಿಟ್ಟು ಇಂಟರ್‌ಕಾಮ್ ಎತ್ತಿ, ಮೇಲೆ ಕರೆಸಿ, ಕೂರಿಸಿ. ಹೆಣ್ಣು ನೋಡಲು ಹೋದಾಗ ಹೇಳಿದ ಸಂಬಳ ಬೇಡ, ಇನ್‌ಕಮ್ ಟ್ಯಾಕ್ಸಿನವರಿಗೆ ತೋರಿಸಿದ್ದೂ ಬೇಡ. ಬಾಡಿಗೆ, ಬಡ್ಡಿ, ಶೇರು, ಹೆಂಡತಿಯ ಹೆಸರಿನಲ್ಲಿರುವ ಸೈಟು ಎಲ್ಲವನ್ನೂ ಸೇರಿಸಿ, ನಿಜವಾಗಿ ಎಷ್ಟು ಬರುತ್ತದೆಯೋ ಅಷ್ಟನ್ನು ಹೇಳಿ.